ನಾನು ನೆಟ್ಟಗೆ ಮಾಡಿದ ಆರು ಕಂಬಗಳು

ನಮ್ಮ ಮಾಸ್ತರರು ತೀರಿಕೊಂಡು ಒಂದು ತಿಂಗಳಾಯಿತು. ಅವರಿಗೆ ನಾನು ಒಂದು ಮಾತು ಹೇಳುವುದಿತ್ತು. ಇಪ್ಪತ್ತೈದು ವರ್ಷ ಹೇಳಲಿಲ್ಲ. ಅವರೇನು ವಿಲಾಯತಿಯಲ್ಲಿ ಇರಲಿಲ್ಲ. ಇದೇ ಪುಣೆಯ ಶನಿವಾರ ಪೇಟೆಯಲ್ಲಿ, ನನ್ನ ಮನೆಯಿಂದ ಸಾವಕಾಶವಾಗಿ ನಡೆದರೂ ಕಾಲು ತಾಸಿನ ದಾರಿಯಲ್ಲಿ ಇದ್ದರು. ದೀಪಾವಳಿಗೆ ಕರೆಯುತ್ತಿದ್ದರು, ಹೋಗುತ್ತಿದ್ದೆ, ಉಂಡು ಬರುತ್ತಿದ್ದೆ. ಮಾತು ಮಾತ್ರ ಗಂಟಲು ದಾಟಿ ಬರಲಿಲ್ಲ. ನನ್ನಂಥ ಹೇಡಿ ಇನ್ನೊಬ್ಬ ಎಲ್ಲಾದರೂ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಇದ್ದರೆ ಅವನಾದರೂ ಇವತ್ತೇ ಎದ್ದು ಹೋಗಿ ಹೇಳಿಬಿಡಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಾಸ್ತರರು ಎಂದರೆ ಶಾಲೆಯ ಮಾಸ್ತರರಲ್ಲ. ಸರಕಾರಿ ಕಟ್ಟಡಗಳ ನಕಾಶೆ ತೆಗೆಯುವ ಆಫೀಸಿನಲ್ಲಿ ಅವರು ಹೆಡ್ ಡ್ರಾಫ್ಟ್ಸ್‌ಮನ್. ನಾನು ಧಾರವಾಡದಿಂದ ಹೊಸದಾಗಿ ಬಂದು ಅವರ ಕೈಕೆಳಗೆ ಸೇರಿದ ಟ್ರೇಸರ್. ಟ್ರೇಸರನ ಕೆಲಸಕ್ಕೆ ತಲೆ ಬೇಕಿಲ್ಲ. ದೊಡ್ಡವರು ಪೆನ್ಸಿಲಿನಲ್ಲಿ ಬರೆದ ನಕಾಶೆಯ ಮೇಲೆ ಗಂಜಿ ಹಾಕಿದ ತೆಳು ಬಟ್ಟೆ ಹಾಸಬೇಕು, ಕೆಳಗೆ ಕಾಣುವ ಗೆರೆಯನ್ನು ಮಸಿಯಲ್ಲಿ ಮೇಲಕ್ಕೆ ಎತ್ತಬೇಕು. ಇದ್ದದ್ದನ್ನು ಇದ್ದಹಾಗೆ ಎತ್ತಬೇಕು, ಅಷ್ಟೇ. ಆ ಅಷ್ಟು ಕೂಡ ನನಗೆ ಆಗಲಿಲ್ಲ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಮಾಸ್ತರರೂ ಧಾರವಾಡದ ಕಡೆಯವರೇ. ಎತ್ತರದ ಆಳು, ಒಣಕಲು ಮೈ. ಮುಚ್ಚುಗೊರಳಿನ ಕರಿ ಕೋಟು, ಮೊಣಕಾಲಿನ ಹತ್ತಿರ ಯಾವಾಗಲೂ ಮಸಿಯ ಕಲೆ ಇರುವ ಧೋತರ, ತಲೆಗೆ ರುಮಾಲು. ಪೆನ್ಸಿಲ್ ಹೆರೆದ ಚೂರನ್ನು ನೆಲಕ್ಕೆ ಬಿಡುತ್ತಿರಲಿಲ್ಲ, ಕೋಟಿನ ಎಡಗಿಸೆಗೆ ತುಂಬಿಕೊಳ್ಳುತ್ತಿದ್ದರು. ಬಲಗಿಸೆಯಲ್ಲಿ ಅಡಿಕೆ. ನಕಾಶೆಯ ಧ್ಯಾನದಲ್ಲಿದ್ದಾಗ ಎಡಗಿಸೆಗೆ ಕೈಹಾಕಿ ಪೆನ್ಸಿಲ್ ಚೂರನ್ನೇ ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದರು. ನಾವು ಮುಸಿಮುಸಿ ನಕ್ಕರೆ, "ಇರ್ಲಿ ಬಿಡ್ರಿ, ಇದಕ್ಕ ಸುಣ್ಣ ಬೇಕಾಗೂದಿಲ್ಲ" ಎನ್ನುತ್ತಿದ್ದರು.

ಅವರ ಇನ್ನೊಂದು ಹಟ ಪಾವಿನದು, ಅಂದರೆ ಬ್ರೆಡ್ಡಿನದು. ರಬ್ಬರಿನಿಂದ ಉಜ್ಜಿದರೆ ಹಾಳೆಯ ಮೈ ಏಳುತ್ತದೆ, ಆದ್ದರಿಂದ ಹಿಂದಿನ ದಿನದ ಪಾವಿನ ತಿರುಳನ್ನು ಪುಡಿಮಾಡಿ ಹಾಳೆಯ ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲಗೆ ತಿಕ್ಕಬೇಕು ಎನ್ನುತ್ತಿದ್ದರು. ತಿಕ್ಕಿದರೆ ಪೆನ್ಸಿಲ್ಲಿನ ಕಪ್ಪೆಲ್ಲ ತಿರುಳಿಗೆ ಅಂಟಿ ಬರುತ್ತಿತ್ತು, ಹಾಳೆ ಹೊಸದರಂತೆ ಆಗುತ್ತಿತ್ತು. ಪಾವು ಬರುತ್ತಿದ್ದದ್ದು ದಂಡಿನವರಿರುವ ಲಷ್ಕರದ ಗೋವೆಯವನ ಭಟ್ಟಿಯಿಂದ. ಶೇಂದಿ ಹಾಕಿ ಹುದುಗಿಸಿದ್ದು ಎಂದು ಮಾಸ್ತರರು ಜನ್ಮದಲ್ಲಿ ಅದನ್ನು ಬಾಯಿಗೆ ಹಾಕಿದವರಲ್ಲ, ಮನೆಯ ಹೊಸ್ತಿಲು ದಾಟಿಸಿದವರಲ್ಲ. ಆಫೀಸಿನಲ್ಲಿ ಮಾತ್ರ ಬೆಳಗಿನಿಂದ ಸಂಜೆಯ ತನಕ ಎರಡೂ ಕೈಯಿಂದ ಮುಟ್ಟುತ್ತಿದ್ದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮುಂಚೆ ಮೂರು ಸಲ ಕೈ ತೊಳೆಯುತ್ತಿದ್ದರು. ಪಕ್ಕದ ಟೇಬಲ್ಲಿನ ಮರಾಠಿ ಗೆಳೆಯರು ಕಾಡಿಸಿದರೆ, "ಅದು ನಿಮಗ ಫರಾಳ, ನನಗ ರಬ್ಬರ್" ಎಂದು ಡಬ್ಬಿಯ ಕಡೆ ತಿರುಗುತ್ತಿದ್ದರು.

ಕಲಿಸುವ ಅವರ ರೀತಿಯೇ ಬೇರೆ. ಬಾಯಿಬಿಟ್ಟು ಏನನ್ನೂ ಹೇಳಿಕೊಡುತ್ತಿರಲಿಲ್ಲ. ಯಾವುದೋ ಗೋಡೆಯ ಮುಂದೆ, ಕಮಾನಿನ ಕೆಳಗೆ ನಿಲ್ಲಿಸಿ, "ಏನ ಕಾಣತದ?" ಎಂದು ಕೇಳುತ್ತಿದ್ದರು. ನಾವು ಕಂಡದ್ದು ಹೇಳಿದರೆ, "ಇನ್ನೂ ನೋಡು" ಎನ್ನುತ್ತಿದ್ದರು. ಸರಿಯಾಗಿ ಕಂಡ ದಿನ ಬಲಗಿಸೆಯಿಂದ ಒಂದು ಅಡಿಕೆಹೋಳು ಕೊಡುತ್ತಿದ್ದರು. ಈಗ ನನ್ನ ಕೈಕೆಳಗಿರುವ ಹುಡುಗರಿಗೆ ನಾನು ಎಲ್ಲವನ್ನೂ ಮೊದಲೇ ಹೇಳಿಬಿಡುತ್ತೇನೆ, ಎರಡೆರಡು ಸಲ. ಅವರು ನನ್ನನ್ನು ಬಾಯಿಬಡುಕ ಎನ್ನುವುದೂ ನನಗೆ ಗೊತ್ತಿದೆ. ಅನ್ನಲಿ ಬಿಡಿ. ಹೇಳದೆ ಬಿಟ್ಟರೆ ಏನಾಗುತ್ತದೆ ಎಂಬುದು ಅವರಿಗೇನು ಗೊತ್ತು.

ಭಾಂಬುರ್ಡೆಯ ಕಡೆ, ಈಗ ಶಿವಾಜಿನಗರ ಎನ್ನುತ್ತಾರೆ, ಒಂದು ಸಭಾಭವನವಿದೆ. ಅದರ ಹಳೆಯ ಭಾಗ ನಮ್ಮ ಅಜ್ಜಂದಿರ ಕಾಲದ್ದು. ಮುಂದೆ ಅಗಲವಾದ ಮೆಟ್ಟಿಲು, ಮೆಟ್ಟಿಲ ಮೇಲೆ ಸಾಲಾಗಿ ಆರು ಕರಿಗಲ್ಲಿನ ಕಂಬ, ಕಂಬಗಳ ತಲೆಯ ಮೇಲೆ ಉದ್ದಕ್ಕೂ ತೊಲೆ, ತೊಲೆಯ ಮೇಲೆ ತ್ರಿಕೋನದ ಹಣೆ. ಗ್ರೀಕರೂ ರೋಮನರೂ ತಮ್ಮ ಗುಡಿಗಳನ್ನು ಕಟ್ಟುತ್ತಿದ್ದ ಕ್ರಮ. ಹೂವಿಲ್ಲ, ಬಳ್ಳಿಯಿಲ್ಲ, ಗೊಂಬೆಯಿಲ್ಲ. ಮೊದಲ ಸಲ ನೋಡಿದಾಗ ನನಗೆ ಅದರಲ್ಲಿ ಏನೂ ಕಾಣಲಿಲ್ಲ. ನಮ್ಮ ಕಡೆ ಗುಡಿಯ ಒಂದೊಂದು ಕಂಬಕ್ಕೂ ಎಷ್ಟು ಕೆತ್ತನೆ, ಇದೇನು ಬೋಳು ಎನಿಸಿತು. ಆದರೆ ಮಾಸ್ತರರು ಅದರ ಮುಂದೆ ನಿಂತರೆ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.

ಊರಲ್ಲಿ ಸ್ವದೇಶಿಯ ಕಾವು ಏರಿದ್ದ ದಿನಗಳು. ಆಫೀಸಿನ ಒಬ್ಬ ಕಾರಕೂನ, ಬೆಳಗಾವಿಯವನು, ಒಂದು ದಿನ ಎಲ್ಲರ ಮುಂದೆ ಅಂದುಬಿಟ್ಟ, "ಏನ್ರಿ ಮಾಸ್ತರ, ಸಾಹೇಬನ ಕಂಬಕ್ಕ ರುಮಾಲ ತಗೀತೀರಿ. ನಮ್ಮ ದೇವರ ಮುಂದ ತಗೀತೀರೋ ಇಲ್ಲೋ?"

ಮಾಸ್ತರರು ಸಿಟ್ಟಾಗಲಿಲ್ಲ. "ಕಂಬಕ್ಕೇನು ಗೊತ್ತಪಾ ಸಾಹೇಬ ಯಾರು, ನೀ ಯಾರು ಅಂತ. ಅದನ್ನ ಕಡದವ್ರು ನಮ್ಮ ವಡ್ಡರು. ಕಲ್ಲು ನಮ್ಮದು. ಲೆಕ್ಕ ಯಾವನೋ ದೂರದ ದೇಶದವ ಮಾಡಿದ್ದು. ಸಾಹೇಬ ನಡುವ ಬಂದು ನಿಂತಾನ, ಅಷ್ಟ. ಅವ ಇವತ್ತಿದ್ದು ನಾಳೆ ಹೋಗ್ತಾನ" ಎಂದರು. ಆ ದಿನಗಳಲ್ಲಿ ಇದನ್ನು ಸರಕಾರಿ ಆಫೀಸಿನಲ್ಲಿ ಕೂತು ಹೇಳುವುದಕ್ಕೆ ಎದೆ ಬೇಕಿತ್ತು.

ನಾನು ಸೇರಿದ ಮೊದಲ ವರ್ಷವೇ ಮಾಸ್ತರರು ನನ್ನನ್ನೂ ಆ ಕಂಬಗಳ ಮುಂದೆ ನಿಲ್ಲಿಸಿದ್ದರು.

"ಏನ ಕಾಣತದ?"

"ಕಂಬ ಕಾಣತಾವ್ರಿ."

"ಹೆಂಗದಾವ?"

"ನೆಟ್ಟಗದಾವ್ರಿ."

ಅವರು ನಕ್ಕರು. "ಇನ್ನೂ ನೋಡು" ಎಂದರು. ನಾನು ನೋಡಿದೆ, ಅದೇ ಕಂಡಿತು. ಅಡಿಕೆ ಸಿಗಲಿಲ್ಲ. ಆಮೇಲೆ ಎರಡು ಮೂರು ಸಲ ಕರೆದುಕೊಂಡು ಹೋದರು, ಪ್ರತಿ ಸಲವೂ ನೆಟ್ಟಗೇ ಇದ್ದವು. ನನಗೆ ಒಳಗೊಳಗೆ ಬೇಸರವಾಗಿ, ಮುದುಕರಿಗೆ ಏನೋ ಹುಚ್ಚು ಎಂದುಕೊಂಡು ಬಿಟ್ಟುಬಿಟ್ಟೆ.

ನೋಡಬೇಕಾಗಿದ್ದದ್ದು ಇದು. ಪೂರಾ ನೆಟ್ಟಗಿನ ಕಂಬವನ್ನು ದೂರದಿಂದ ನೋಡಿದರೆ ನಡು ಸೊರಗಿದಂತೆ ಕಾಣುತ್ತದೆ. ಕಣ್ಣಿನ ದೋಷ ಅದು. ಅದಕ್ಕಾಗಿ ಆ ಹಳೆಯ ಗ್ರೀಕರು ಕಂಬದ ನಡುವನ್ನು ಸ್ವಲ್ಪವೇ ಉಬ್ಬಿಸುತ್ತಿದ್ದರು. ಹದಿನಾರು ಅಡಿ ಎತ್ತರದ ಕಂಬಕ್ಕೆ ಅರ್ಧ ಬೆರಳಿನಷ್ಟು ಉಬ್ಬು. ನೋಡುವವನಿಗೆ ಉಬ್ಬು ಕಾಣಬಾರದು, ಕಂಬ ಮಾತ್ರ ಹೊರೆ ಹೊತ್ತು ಗಟ್ಟಿಯಾಗಿ ನಿಂತ ಮನುಷ್ಯನಂತೆ ಕಾಣಬೇಕು. ಆ ಆರೂ ಕಂಬಗಳು ಹಾಗೆ ನಿಂತಿದ್ದವು. ಈಗಲೂ ನಿಂತಿವೆ.

ಯುದ್ಧಕ್ಕೆ ಮುಂಚೆಯೇ, ಹಿಂದಿನ ಯುದ್ಧದ ಮಾತು ಹೇಳುತ್ತಿದ್ದೇನೆ, ಆ ಭವನಕ್ಕೆ ಹೊಸ ಭಾಗ ಸೇರಿಸುವುದು ಮಂಜೂರಾಗಿತ್ತು. ಹಳೆಯದರ ಪಕ್ಕದಲ್ಲೇ ಅದರ ಜೋಡಿಯಂತೆ ಇನ್ನೊಂದು ಮುಖ, ಅಷ್ಟೇ ಮೆಟ್ಟಿಲು, ಅಂಥವೇ ಆರು ಕಂಬ. ಹಳೆಯ ಭಾಗದ ಮೂಲ ನಕಾಶೆ ಎಲ್ಲೂ ಸಿಗಲಿಲ್ಲ. ಎಲ್ಲವನ್ನೂ ಕಟ್ಟಡದ ಮೇಲಿಂದಲೇ ಅಳೆದು ತೆಗೆಯಬೇಕಾಯಿತು. ಮಾಸ್ತರರು ಬಿದಿರಿನ ಅಟ್ಟಣಿಗೆ ಕಟ್ಟಿಸಿ, ಧೋತರ ಎತ್ತಿ ಕಟ್ಟಿ, ಐವತ್ತು ದಾಟಿದ ವಯಸ್ಸಿನಲ್ಲಿ ಮೇಲೆ ಹತ್ತಿದರು. ತೂಗುಗುಂಡು ಇಳಿಬಿಟ್ಟು, ದಾರಕ್ಕೂ ಕಲ್ಲಿಗೂ ನಡುವಿನ ಸಂದನ್ನು ಗೇಣುಗೇಣಿಗೆ ಅಳೆದು ವಹಿಯಲ್ಲಿ ಬರೆದುಕೊಂಡರು. ಹೀಗೆ ಮೂರು ವಾರ. ಸಂಜೆ ಇಳಿದು ಬಂದಾಗ ಕಣ್ಣು ಕೆಂಪಾಗಿರುತ್ತಿದ್ದವು, ಮುಖ ಮಾತ್ರ ಹಬ್ಬದ ಊಟ ಉಂಡವರ ಹಾಗೆ ಇರುತ್ತಿತ್ತು.

ಕಂಬದ ನಕಾಶೆಯನ್ನು ಅಳತೆಗೆ ಅಳತೆ ತೆಗೆಯಬೇಕಿತ್ತು. ಅಂದರೆ ಹದಿನಾರು ಅಡಿಯ ಕಂಬಕ್ಕೆ ಹದಿನಾರು ಅಡಿಯ ಹಾಳೆ. ಅದರ ಅಂಚಿನ ಗೆರೆಯ ಮೇಲೆ ಇಟ್ಟೇ ತಗಡಿನ ಅಚ್ಚು ಕತ್ತರಿಸುವುದು, ಅಚ್ಚಿನಂತೆಯೇ ಕಲ್ಲು ಕಡೆಯುವುದು. ಹಾಗಾಗಿ ಅದರ ಮೇಲೆ ಅಂಕಿ ಬರೆಯುವ ರೂಢಿ ಇರಲಿಲ್ಲ, ಗೆರೆಯೇ ಅಳತೆ. ಆಫೀಸಿನ ವರಾಂಡದಲ್ಲಿ ಹಾಳೆಗಳನ್ನು ಅಂಟಿಸಿ ಹಾಸಿದೆವು. ಮಾಸ್ತರರು ಮೊಣಕಾಲೂರಿ, ತೆಳುವಾದ ತೇಗದ ಪಟ್ಟಿಯನ್ನು ಬಾಗಿಸಿ ಹಿಡಿದು, ಎರಡು ದಿನ ಅದೊಂದೇ ಗೆರೆ ಎಳೆದರು. ಆ ಎರಡು ದಿನವೂ ಅವರಿಗೆ ಚಳಿಜ್ವರ. ಕ್ವಿನೈನ್ ನುಂಗಿ ನುಂಗಿ ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎನ್ನುತ್ತಿದ್ದರು. ಎರಡನೆಯ ದಿನ ಸಂಜೆ ಏಳಲು ಆಗದೆ ನನ್ನ ಹೆಗಲು ಹಿಡಿದು ಎದ್ದರು.

"ತಮ್ಮಾ, ನಾಳೆ ನಾ ಬರ್ಲಿಕ್ಕೆ ಆಗೂದಿಲ್ಲ ಅಂತ ಕಾಣತದ. ಇದನ್ನ ನೀ ಎತ್ತು. ಇದ್ದಂಗ ಎತ್ತು" ಎಂದರು. ಆಮೇಲೆ ಹತ್ತು ದಿನ ಹಾಸಿಗೆ ಹಿಡಿದರು.

ಮರುದಿನ ನಾನು ಬಟ್ಟೆ ಹಾಸಿ ಕೆಲಸ ಶುರುಮಾಡಿದೆ. ಉದ್ದನೆಯ ನೇರಪಟ್ಟಿ ಇಟ್ಟರೆ ಪೆನ್ಸಿಲ್ ಗೆರೆ ಪಟ್ಟಿಗೆ ಕೂಡುತ್ತಿಲ್ಲ. ಕೆಳಗೆ ಕೂಡುತ್ತದೆ, ಮೇಲೆ ಕೂಡುತ್ತದೆ, ನಡುವೆ ಅರ್ಧ ಬೆರಳು ಹೊರಗೆ ಹೋಗುತ್ತದೆ. ಯಾರಾದರೂ ನೋಡಿದರೋ ಎಂದು ಸುತ್ತ ನೋಡಿದೆ.

ಯಾಕೆಂದರೆ ಆಗ ಆಫೀಸಿನಲ್ಲಿ ಒಂದು ಗುಸುಗುಸು ಇತ್ತು. ಹಿಂದಿನ ತಿಂಗಳು ಮಾಸ್ತರರು ಪೊಲೀಸರು ವಾಸಿಸುವ ಯಾವುದೋ ಚಾಳಿನ ನಕಾಶೆಯಲ್ಲಿ ಕಿಟಕಿಯನ್ನು ತಪ್ಪು ಜಾಗದಲ್ಲಿ ಬರೆದಿದ್ದರು. ಮುದುಕರ ಕೈ ಹೋಯಿತು, ಕಣ್ಣು ಹೋಯಿತು, ಸಾಹೇಬರು ಬೇರೆಯವರನ್ನು ನೋಡುತ್ತಿದ್ದಾರೆ ಎಂದು ಜನ ಆಡಿಕೊಳ್ಳುತ್ತಿದ್ದರು. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಊರು ಬಿಟ್ಟು ಬಂದ ನನಗೆ ಖೋಲಿ ಹುಡುಕಿಕೊಟ್ಟವರು ಅವರು, ಬಂದ ಹೊಸತರಲ್ಲಿ ಎರಡು ತಿಂಗಳು ತಮ್ಮ ಮನೆಯಲ್ಲಿ ಊಟಕ್ಕೆ ಹಾಕಿದವರು. ಈ ಸೊಟ್ಟ ಗೆರೆಯನ್ನು ಸಾಹೇಬ ನೋಡಿದರೆ ಇವರ ಗತಿ ಮುಗಿಯಿತು ಎಂದುಕೊಂಡೆ. ಜ್ವರದಲ್ಲಿ ಕೈ ಸರಿದಿದೆ, ಇಲ್ಲವೇ ಅಂಟಿಸುವಾಗ ಹಾಳೆ ಸರಿದಿದೆ. ಯಾರಿಗೂ ಗೊತ್ತಾಗದಂತೆ ಸರಿಮಾಡಿಬಿಡೋಣ.

ಸರಿಮಾಡಿದೆ. ಕೆಳಗಿನಿಂದ ಮೇಲಕ್ಕೆ ಒಂದೇ ನೇರ ಗೆರೆ ಎಳೆದೆ, ಮಸಿಯಲ್ಲಿ. ಎಳೆದ ಮೇಲೆ ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡೆ. ಆಗ ಯುದ್ಧದ ಕಾಲ, ಒಳ್ಳೆಯ ಕಾಗದ ಸಿಗುತ್ತಿರಲಿಲ್ಲ. ಎತ್ತಿ ಮುಗಿದ ಪೆನ್ಸಿಲ್ ಹಾಳೆಗಳನ್ನು ಅಳಿಸಿ ತಿರುಗಿ ಬಳಸಬೇಕೆಂದು ಹುಕುಂ ಇತ್ತು. ನಾನು ಎರಡು ಪಾವು ತರಿಸಿದೆ, ತಿರುಳು ಉದುರಿಸಿದೆ, ಹದಿನಾರು ಅಡಿಯನ್ನೂ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದೆ. ಮಾಸ್ತರರ ಎರಡು ದಿನದ ಗೆರೆ ಕಪ್ಪು ಉಂಡೆಯಾಗಿ ಕಸದ ಬುಟ್ಟಿಗೆ ಹೋಯಿತು. ಟ್ರೇಸಿಂಗಿನ ಮೂಲೆಯಲ್ಲಿ ಬರೆದವರು ಎಂಬಲ್ಲಿ ಅವರ ಹೆಸರು ಹಾಕಿದೆ, ಎತ್ತಿದವರು ಎಂಬಲ್ಲಿ ನನ್ನದು. ಯೆರವಡೆಯ ಆಚೆ ಕಲ್ಲುಗಣಿಯಲ್ಲಿ ಅಚ್ಚು ಕತ್ತರಿಸುವವರು ಕಾಯುತ್ತಿದ್ದರು, ಅಲ್ಲಿಗೆ ಕಳಿಸಿಬಿಟ್ಟೆ.

ಜ್ವರ ಬಿಟ್ಟು ಬಂದ ದಿನ ಮಾಸ್ತರರು, "ಕಂಬ ಎತ್ತಿದೇನು?" ಎಂದು ಕೇಳಿದರು. "ಎತ್ತಿ ಕಳಿಸೀನ್ರಿ" ಎಂದೆ. ತಿರುಗಿ ತರಿಸಿ ನೋಡಬೇಕಿತ್ತು ಅವರು. ನಿಯಮವೂ ಹಾಗೇ ಇತ್ತು. "ನೀ ಎತ್ತೀಯಲ್ಲ, ಮತ್ತೇನು ನೋಡೂದದ" ಎಂದುಬಿಟ್ಟರು.

ಕಲ್ಲು ಕಡೆದು ತಂದು, ಒಂದರ ಮೇಲೊಂದು ದುಂಡುಗಲ್ಲು ಕೂರಿಸಿ, ಕಂಬ ಏಳಿಸಿ, ಮೇಲೆ ತೊಲೆ ಹಾಕುವಷ್ಟರಲ್ಲಿ ವರ್ಷ ಕಳೆಯಿತು. ಅಲ್ಲಿಯತನಕ ಎಲ್ಲವೂ ಅಟ್ಟಣಿಗೆಯ ಬಿದಿರಿನ, ಗೋಣಿತಟ್ಟಿನ ಮರೆಯಲ್ಲಿ. ಅಟ್ಟಣಿಗೆ ಇಳಿಸಿದ ದಿನ ಮಾಸ್ತರರು ನನ್ನನ್ನೂ ಕರೆದುಕೊಂಡು ಹೋದರು. ರಸ್ತೆಯ ಆಚೆ ಬದಿಯ ಹುಣಸೆಮರದ ಕೆಳಗೆ ನಿಂತೆವು. ಕೆಲಸದ ಮುಕಾದಮ ಓಡಿಬಂದು ಮರಾಠಿಯಲ್ಲಿ, "ಮಾಸ್ತರ, ಬರೋಬರ್ ಆಹೇ ನಾ?" ಎಂದು ಕೇಳಿದ. ಸರಿಯಾಗಿದೆ, ಶಭಾಸ್ ಎನ್ನುತ್ತಾರೆಂದು ಅವನ ಆಸೆ.

ಮಾಸ್ತರರು ರುಮಾಲು ತೆಗೆದು ಕೈಯಲ್ಲಿ ಹಿಡಿದರು. ನಾನು ನೋಡಿದೆ. ಹಳೆಯ ಆರು, ಹೊಸ ಆರು, ಪಕ್ಕಪಕ್ಕದಲ್ಲಿ. ಮೂರು ನಾಲ್ಕು ಸಲ ನಿಲ್ಲಿಸಿ ಕೇಳಿದರೂ ಕಾಣದಿದ್ದದ್ದು ಆವತ್ತು ತಾನಾಗಿಯೇ ಕಂಡಿತು. ಹಳೆಯವು ಮೈತುಂಬಿಕೊಂಡು ನಿಂತಿವೆ. ಹೊಸವು ನಡು ಸೊರಗಿ, ಲಂಘನ ಮಾಡಿ ಹಸಿದವರ ಹಾಗೆ ನಿಂತಿವೆ. ಅಷ್ಟು ಹೊತ್ತಿಗೆ ಮಾಸ್ತರರು ರಸ್ತೆ ದಾಟಿ ಹೋಗಿದ್ದರು. ಹಳೆಯ ಕಂಬದ ಮೇಲೆ ಅಂಗೈ ಇಟ್ಟು ಮೇಲಿಂದ ಕೆಳಗೆ ಸವರಿದರು, ಆಮೇಲೆ ಹೊಸದನ್ನು ಸವರಿದರು. ತಿರುಗಿ ನನ್ನ ಹತ್ತಿರ ಬಂದರು.

"ತಮ್ಮಾ, ನಿನಗ ನೆನಪದ ಏನು? ನನ್ನ ಹಾಳ್ಯಾಗ ಉಬ್ಬು ಇತ್ತೋ ಇಲ್ಲೋ?"

ಕೇಳುವಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಅಳುತ್ತ ಕಾಲಿಗೆ ಬಿದ್ದು ಹೇಳಿಬಿಡುತ್ತಿದ್ದೆನೋ ಏನೋ. ನನಗೆ ನೌಕರಿ ಕಂಡಿತು, ಊರಲ್ಲಿ ನನ್ನ ಮನಿಯಾರ್ಡರ್ ಕಾಯುವ ಅವ್ವ ಕಂಡಳು, ನಿಶ್ಚಯವಾಗಿದ್ದ ಮದುವೆ ಕಂಡಿತು. ಎಲ್ಲವೂ ಒಂದು ಕ್ಷಣದಲ್ಲಿ.

"ಇಲ್ರಿ. ನೆಟ್ಟಗ ಇತ್ತು. ಇದ್ದದ್ದನ್ನ ಎತ್ತೀನಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಹೌದು?" ಎಂದರು. ಆಮೇಲೆ, "ಪಟ್ಟಿ ಬಾಗಿಸಿದ್ದು ನನಗ ನೆನಪದ. ಜ್ವರದಾಗ ಹಂಗ ಅನಿಸಿರಬೇಕು ಬಿಡು" ಎಂದರು. ಕೈಯಲ್ಲಿದ್ದ ರುಮಾಲನ್ನು ತಲೆಗೆ ಇಟ್ಟುಕೊಂಡು ಹೊರಟರು.

ಸಾಹೇಬನ ಕಣ್ಣೂ ತೀಕ್ಷ್ಣವಾಗಿತ್ತು. ಎರಡೇ ದಿನದಲ್ಲಿ ವಿಚಾರಣೆ ಆಯಿತು. ಅಳತೆಯ ವಹಿಯಲ್ಲಿ ಉಬ್ಬು ಇದೆ, ಟ್ರೇಸಿಂಗಿನಲ್ಲಿ ಇಲ್ಲ, ಪೆನ್ಸಿಲ್ ಹಾಳೆ ಅಳಿಸಿಹೋಗಿದೆ. ನನ್ನನ್ನು ಕರೆಯುವ ಮುಂಚೆಯೇ ಮಾಸ್ತರರು ತಪ್ಪು ತಮ್ಮದೇ ಎಂದು ಬರೆದುಕೊಟ್ಟಿದ್ದರು. ಕಂಬ ಕೆಡವಿ ಕಟ್ಟುವುದು ಯುದ್ಧದ ಕಾಲದಲ್ಲಿ ಆಗದ ಮಾತು, ಹಾಗೇ ಬಿಟ್ಟರು. ಮಾಸ್ತರರನ್ನು ದಫ್ತರಖಾನೆಗೆ ಹಾಕಿದರು. ಹಳೆಯ ನಕಾಶೆಗಳ ಧೂಳು ಒರೆಸಿ, ಸುತ್ತಿ, ಲಾಡಿ ಕಟ್ಟಿ ಕಪಾಟಿನಲ್ಲಿ ಇಡುವ ಕೆಲಸ. ಪೆನ್ಶನ್ ಆಗುವ ತನಕ ಐದು ವರ್ಷ ಅದನ್ನೇ ಮಾಡಿದರು. ಮತ್ತೆ ಪೆನ್ಸಿಲ್ ಮುಟ್ಟಲಿಲ್ಲ.

ನಾನು ಮೇಲೇರಿದೆ. ಟ್ರೇಸರನಿಂದ ಡ್ರಾಫ್ಟ್ಸ್‌ಮನ್, ಕಾಲ ಕಳೆದು ಹೆಡ್. ಮೊದಲ ಬಡ್ತಿಗೆ ಮಾಸ್ತರರೇ ಸಾಹೇಬನ ಹತ್ತಿರ ಹೋಗಿ ನನ್ನ ಹೆಸರು ಹೇಳಿದ್ದರಂತೆ. ಇದು ಗೊತ್ತಾದ ದಿನ ನಾನು ನನಗೇ ಒಂದು ಕಥೆ ಕಟ್ಟಿಕೊಂಡೆ. ಅವರಿಗೆ ಎಲ್ಲವೂ ಗೊತ್ತಿದೆ. ಹುಣಸೆಮರದ ಕೆಳಗೆ ಮುಖ ನೋಡಿದಾಗಲೇ ಗೊತ್ತಾಗಿದೆ. ಗೊತ್ತಿದ್ದೂ ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದಾರೆ. ದೊಡ್ಡ ಮನುಷ್ಯರು, ಕ್ಷಮಿಸಿಬಿಟ್ಟಿದ್ದಾರೆ. ಕ್ಷಮಿಸಿದವರ ಮುಂದೆ ಹೋಗಿ ಹಳೆಯ ಗಾಯ ಕೆದರುವುದು ಯಾಕೆ. ಎಂಥ ಅನುಕೂಲದ ಕಥೆ ನೋಡಿ. ಇಪ್ಪತ್ತೈದು ವರ್ಷ ಅದನ್ನು ಹೊದ್ದುಕೊಂಡು ಮಲಗಿದೆ.

ಒಮ್ಮೆ ಮಾತ್ರ ನಿದ್ದೆಗೆಟ್ಟಿತ್ತು. ಯಾವನೋ ಹೊಸ ಇಂಜಿನಿಯರು ದಫ್ತರಖಾನೆಗೆ ಹೋಗಿ ಕಮಾನಿನ ಸಂಗತಿ ಏನನ್ನೋ ಕೇಳಿದಾಗ ಮಾಸ್ತರರು, "ನನ್ನನ್ನ ಕೇಳಬ್ಯಾಡ್ರಿ. ಮ್ಯಾಲೆ ನಮ್ಮ ಹುಡುಗ ಇದ್ದಾನ, ಅವನ್ನ ಕೇಳ್ರಿ. ಅವ ಇದ್ದದ್ದನ್ನ ಇದ್ದಂಗ ತಗೀತಾನ" ಎಂದರಂತೆ. ಇಂಜಿನಿಯರು ಅದನ್ನು ಹೊಗಳಿಕೆಯೆಂದು ನನಗೆ ಬಂದು ಹೇಳಿದ. ನನಗೆ ಚುಚ್ಚಿದಂತಾಯಿತು. ಮುದುಕರು ಬೇಕೆಂತಲೇ ಕುಟುಕಿದ್ದಾರೆ ಎಂದು ಆ ವರ್ಷ ದೀಪಾವಳಿಗೆ ಹೋಗಲಿಲ್ಲ. ಮೈ ಸರಿಯಿಲ್ಲವೇನೋ ಎಂದು ಅವರೇ ಫರಾಳದ ಡಬ್ಬಿ ಹಿಡಿದುಕೊಂಡು ನನ್ನ ಖೋಲಿಯ ಮೆಟ್ಟಿಲು ಹತ್ತಿ ಬಂದರು.

ಪೆನ್ಶನ್ ಆದಮೇಲೆ ಅವರು ಹೆಚ್ಚು ಹೊರಗೆ ಬರಲಿಲ್ಲ. ಭಾಂಬುರ್ಡೆಯ ಕಡೆ ಕೆಲಸವಿದ್ದರೆ ಸುತ್ತುಹಾಕಿ ಬೇರೆ ದಾರಿಯಿಂದ ಹೋಗುತ್ತಿದ್ದರು. ನಾನು ಮಾತ್ರ ದಿನಾ ಸೈಕಲ್ಲಿನ ಮೇಲೆ ಆ ಕಂಬಗಳ ಮುಂದೆಯೇ ಹೋಗುತ್ತೇನೆ. ಮೆಟ್ಟಿಲ ಮೇಲೆ ಜನ ಶೇಂಗಾ ತಿನ್ನುತ್ತ ಕೂತಿರುತ್ತಾರೆ, ಯುದ್ಧದ ಸುದ್ದಿ ಆಡುತ್ತಿರುತ್ತಾರೆ. ಹಳೆಯ ಕಂಬ ಯಾವುದು ಹೊಸದು ಯಾವುದು ಎಂದು ಕೇಳಿದರೆ ಒಬ್ಬರೂ ಹೇಳಲಾರರು. ಅವರಿಗೆ ಹನ್ನೆರಡೂ ಒಂದೇ.

ಮಾಸ್ತರರು ಹೋದದ್ದು ಹೆಚ್ಚು ನರಳದೆ. ನಾಲ್ಕು ದಿನದ ಕೆಮ್ಮು, ಅಷ್ಟೇ. ಹದಿಮೂರನೆಯ ದಿನವೂ ಹೋಗಿದ್ದೆ, ಜನ ಬಹಳ ಇದ್ದರು. ಅದಾದ ನಂತರ ಒಂದು ರವಿವಾರ ಬೆಳಿಗ್ಗೆ ತಿರುಗಿ ಹೋದೆ. ಕಾಕೂ ಒಬ್ಬರೇ ಇದ್ದರು. ಮಾಸ್ತರರ ಹೆಂಡತಿಯನ್ನು ನಾನು ಮೊದಲಿನಿಂದ ಕಾಕೂ ಎಂದೇ ಕರೆಯುವುದು.

"ಬಾ ತಮ್ಮಾ, ಚೊಲೋ ಆತು ಬಂದಿ" ಎಂದು ಒಳಗೆ ಹೋಗಿ ಒಂದು ಗಂಟು ತಂದು ನನ್ನ ಮುಂದೆ ಇಟ್ಟರು. "ಇದನ್ನ ಬಚ್ಚಲ ಒಲಿಗೆ ಹಾಕಬೇಕಂದೆ. ನೀ ಈ ಕೆಲಸದಾಗ ಇದ್ದಾಂವ, ನಿನಗ ತೋರಿಸಿ ಹಾಕೂಣ ಅಂತ ಇಟ್ಟೆ."

ಬಿಚ್ಚಿದೆ. ಹಳೆಯ ಪಂಚಾಂಗದ ಹಾಳೆಗಳು, ಕಿರಾಣಿ ಅಂಗಡಿಯ ಪೊಟ್ಟಣ ಬಿಡಿಸಿ ನೆಟ್ಟಗೆ ಮಾಡಿದ ಕಾಗದ, ಮದುವೆಯ ಕರೆಯೋಲೆಗಳು. ಪ್ರತಿಯೊಂದರ ಹಿಂದೆಯೂ ಪೆನ್ಸಿಲಿನಲ್ಲಿ ಒಂದೇ ಒಂದು ಗೆರೆ. ಕೆಳಗಿನಿಂದ ಹೊರಟು, ನಡುವೆ ಇಷ್ಟೇ ಇಷ್ಟು ಮೈತುಂಬಿಕೊಂಡು, ಮೇಲೆ ಸಣ್ಣಗಾಗಿ ಮುಗಿಯುವ ಗೆರೆ. ಕಂಬದ ಗೆರೆ. ನೂರಲ್ಲ, ಸಾವಿರಗಟ್ಟಲೆ ಇದ್ದವು. ಪೆನ್ಸಿಲ್ ಮುಟ್ಟುವುದಿಲ್ಲ ಎಂದು ನಾವು ತಿಳಿದುಕೊಂಡಿದ್ದ ಮನುಷ್ಯ ಬರೆದವು.

"ಸಂಧ್ಯಾವಂದನಿ ಆತಂದ್ರ ದಿನಾ ಇದ ಕೆಲಸ" ಎಂದರು ಕಾಕೂ. "ಒಂದು ಎಳೀತಿದ್ರು, ದಾರ ಹಿಡದು ನೋಡ್ತಿದ್ರು. ಬರೋಬರಿ ಬಂದದಲ್ಲ, ಆವತ್ತ ಯಾಕ ಬರಲಿಲ್ಲ ಅಂತಿದ್ರು. ಜ್ವರದಾಗ ಬರದು ನೋಡತೀನಿ ಅಂತ ಮೈ ಸುಡೂವಾಗೂ ಎದ್ದು ಕೂತು ಬರದಾರ. ಅದೂ ಬರೋಬರಿ ಬಂತು. ನಿನ್ನ ಹೆಸರು ತಗೊಂಡು ಹೇಳ್ತಿದ್ರು. ಆ ಹುಡುಗ ಕಣ್ಣಾರೆ ನೋಡ್ಯಾನ, ಅವ ಸುಳ್ಳ ಹೇಳಾಂವಲ್ಲ, ನನ್ನ ಕೈನ ನನಗ ಮೋಸ ಮಾಡೇದ ಅಂತ."

ನಾನು ಹಾಳೆಗಳನ್ನು ನೋಡುತ್ತಲೇ ಕೂತೆ. ಅವರಿಗೆ ಗೊತ್ತಿತ್ತು ಎನ್ನುವ ನನ್ನ ಕಥೆ ಅಲ್ಲಿಗೆ ಮುಗಿಯಿತು.

"ನೀನ ಹೇಳು, ನನಗೇನ ತಿಳೀತದ ಇದ್ರಾಗ. ಗೆರಿ ಸರಿ ಅದಾವೇನು?"

"ಭಾಳ ಸರಿ ಅದಾವ, ಕಾಕೂ" ಎಂದೆ. "ಆವತ್ತೂ ಸರಿ ಇತ್ತು. ನನಗ ಸೊಟ್ಟ ಕಂಡು ನಾನ ನೆಟ್ಟಗ ಮಾಡಿದೆ. ಅವರು ಕೇಳಿದಾಗ ಸುಳ್ಳ ಹೇಳಿದೆ."

ಅವರು ಬೈಯಲಿ, ಹೊರಗೆ ಹಾಕಲಿ ಎಂದು ಕಾದೆ. ಬೈಯಲಿಲ್ಲ. ಹರಡಿದ ಕಾಗದಗಳನ್ನು ಒಂದೊಂದಾಗಿ ಎತ್ತಿ, ಅಂಚಿಗೆ ಅಂಚು ಕೂಡಿಸಿ ಜೋಡಿಸತೊಡಗಿದರು.

"ನಾ ಅವರನ್ನ ಸುಮ್ಮನ ಬಿಟ್ಟಿಲ್ಲೋ" ಎಂದರು ಕಡೆಗೆ. "ಈ ಗೆರಿ ನೋಡಿದಾಗೊಮ್ಮೆ ನನಗ ಹೊಟ್ಟಿ ಉರೀತಿತ್ತು. ಕೈ ಹೋಗೇದ ನಿಮ್ಮದು, ಕಣ್ಣು ಹೋಗ್ಯಾವ, ಒಂದು ಗೆರಿ ಎಳೀಲಿಕ್ಕಾಗದ ದಫ್ತರದಾಗ ಧೂಳಾ ಒರಸಿದ್ರಿ, ಇನ್ನ ಯಾಕ ಈ ನಾಟಕ ಅಂತ ದಿನಾ ಅಂದೀನಿ. ಹೋಗೂ ಮುಂಚಿನ ದಿನಾನೂ ಅಂದೆ. ಅವರು ಹೌದು ಅಂದ್ರು."

ಗಂಟು ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡರು.

"ನೀ ಬಂದು ನನ್ನ ಮುಂದ ಹೇಳಿದಿ. ನಾ ಯಾರ ಮುಂದ ಹೋಗಿ ಹೇಳ್ಲಿ, ತಮ್ಮಾ?"